ಗಾಂಧಿಯಾದವರು, ಗಾಂಧಿಯ ವೈರಿಯೂ ಆದವರು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಎರಡು ನುಡಿಗಳು ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಟಿಕೇಟು ಕೇಳುವುದು ಕನ್ನಡದಲ್ಲಿ, ಪಕ್ಕದವರ ಕ್ಷೇಮ ವಿಚಾರಿಸುವುದು ಮರಾಠಿಯಲ್ಲಿ. ಮರುಕ್ಷಣ ಅದು ತಿರುಗುಮುರುಗಾದರೂ ಯಾರೂ ಬೆರಗಾಗುವುದಿಲ್ಲ. ಈ ಸೀಮೆಯಲ್ಲಿ ಹುಟ್ಟಿದ ನಟನಿಗೆ ಇದಕ್ಕಿಂತ ಹಿರಿದಾದ ಬಳುವಳಿ ಬೇಕೆ?

1965ರ ಸೆಪ್ಟೆಂಬರ್ 10ರಂದು ಬೆಳಗಾವಿಯಲ್ಲಿ ಜನಿಸಿದ ಅತುಲ್ ಕುಲಕರ್ಣಿಯವರು ಬೆಳೆದದ್ದು ಸೊಲ್ಲಾಪುರದಲ್ಲಿ. ಅದೂ ಕನ್ನಡ ಮರಾಠಿಗಳೆರಡೂ ಕೂಡಿ ಬಾಳುವ ಊರೇ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ 1995ರಲ್ಲಿ ಅವರು ಹೊರಬಂದಾಗ ವಯಸ್ಸು ಮೂವತ್ತರ ಹೊಸ್ತಿಲಲ್ಲಿತ್ತು. ಮರ ಸುತ್ತಿ ಹಾಡುವ ನಾಯಕನಾಗಲು, ಚಿತ್ರರಂಗದ ಲೆಕ್ಕದಲ್ಲಿ, ಅದು ತಡವೇ ಸರಿ. ಅವರನ್ನು ಮೊದಲು ಬೆಳ್ಳಿತೆರೆಗೆ ಕರೆದದ್ದು ಕನ್ನಡ: ಕೇಸರಿ ಹರವೂ ಅವರ ‘ಭೂಮಿಗೀತ’, 1997ರಲ್ಲಿ.

ಅವರಿಗೆ ಹೆಸರು ತಂದ ಮರಾಠಿ ನಾಟಕ ‘ಗಾಂಧಿ ವಿರುದ್ಧ ಗಾಂಧಿ’. ಅದರಲ್ಲಿ ಅವರೇ ಮಹಾತ್ಮರು. ಹಿರಿಯ ಮಗ ಹರಿಲಾಲನ ಮುಂದೆ ಸೋತು ನಿಲ್ಲುವ ತಂದೆ. ಅದೇ ನಟ 2000ದಲ್ಲಿ ಕಮಲ್ ಹಾಸನ್‌ರ ‘ಹೇ ರಾಮ್’ ಚಿತ್ರದಲ್ಲಿ ಶ್ರೀರಾಮ ಅಭ್ಯಂಕರನಾಗಿ ಬಂದಾಗ ಪ್ರೇಕ್ಷಕರ ಮೈ ಜುಮ್ಮೆಂದಿರಬೇಕು. ಕೈಕಾಲು ಉಡುಗಿ ಹಾಸಿಗೆ ಹಿಡಿದ ಅಭ್ಯಂಕರ, ಗಾಂಧೀಜಿಯವರನ್ನು ಕೊಲ್ಲುವ ವಚನವನ್ನು ನಾಯಕನಿಂದ ಪಡೆಯುತ್ತಾನೆ. ಒಂದೇ ಕಂಠ, ಒಂದೇ ಕಣ್ಣು! ಆ ಪಾತ್ರಕ್ಕೆ ಶ್ರೇಷ್ಠ ಪೋಷಕ ನಟನ ರಾಷ್ಟ್ರಪ್ರಶಸ್ತಿ ಸಂದಿತು. ‘ಚಾಂದನಿ ಬಾರ್’ಗೆ ಮತ್ತೊಮ್ಮೆ. ತಮಿಳು ತೆಲುಗುಗಳಲ್ಲಿ ಖಳರಾದರು. 2006ರ ‘ರಂಗ್ ದೇ ಬಸಂತಿ’ಯಲ್ಲಿ ರಾಮಪ್ರಸಾದ್ ಬಿಸ್ಮಿಲ್ ಆದರು. ಮರುವರ್ಷ ಕನ್ನಡದ ‘ಆ ದಿನಗಳು’ ಚಿತ್ರದಲ್ಲಿ ಅಗ್ನಿ ಶ್ರೀಧರ್.

ಆದರೆ ಅವರ ಕಲೆಯ ನಿಜವಾದ ಅಗ್ನಿಪರೀಕ್ಷೆ ನಡೆದದ್ದು 2010ರ ಮರಾಠಿ ಚಿತ್ರ ‘ನಟರಂಗ’ದಲ್ಲಿ. ಆನಂದ ಯಾದವರ ಕಾದಂಬರಿಯ ಗುಣಾ ಕೂಲಿಕಾರ, ಪೈಲ್ವಾನನ ಮೈಕಟ್ಟಿನವನು. ತಮಾಷಾ ಆಟದಲ್ಲಿ ರಾಜನಾಗುವ ಕನಸು ಅವನದು. ಮೇಳವೇನೋ ಕೂಡುತ್ತದೆ; ಆದರೆ ಹೆಣ್ಣಿನ ಬಳುಕಿನಿಂದ ನಗಿಸುವ ‘ನಾಚ್ಯಾ’ ಇಲ್ಲದೆ ತಾನು ಕುಣಿಯಲಾರೆನೆಂದು ನರ್ತಕಿ ಹಟ ಹಿಡಿಯುತ್ತಾಳೆ. ಆ ವೇಷಕ್ಕೆ ಯಾರೂ ಒಪ್ಪದಿರಲು, ರಾಜನಾಗಬೇಕಾದವನೇ ಮೀಸೆ ಬೋಳಿಸುತ್ತಾನೆ. ಇದಕ್ಕಾಗಿ ಕುಲಕರ್ಣಿಯವರು ಮೊದಲು ಮೈ ಬೆಳೆಸಿ ಜಟ್ಟಿಯಾದರು. ಅನಂತರ ಆ ಮೈಯನ್ನೇ ಕರಗಿಸಿದರು. ಪ್ರಸಾಧನದ ಪೆಟ್ಟಿಗೆಯಿಂದ ಆಗುವ ಕೆಲಸ ಇದಲ್ಲ. ಬೆಳಗಾವಿ ಜಿಲ್ಲೆಯವರಿಗೆ ಇದು ಅಪರಿಚಿತ ಲೋಕವೂ ಅಲ್ಲ. ಏಣಗಿ ಬಾಳಪ್ಪನವರಂಥ ಹಿರಿಯರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ಮನೆಮಾತಾದ ನೆಲವಿದು. ಬಾಳಪ್ಪನವರನ್ನು ಊರು ತಲೆಯ ಮೇಲೆ ಹೊತ್ತಿತು. ಗುಣಾನಿಗೆ ಸಿಕ್ಕಿದ್ದು ಊರಿನ ನಗೆ, ಮನೆಯವರ ತಿರಸ್ಕಾರ. ಮತ್ತು ಅಷ್ಟಾದರೂ ಬಿಡಲಾಗದ ಆ ಗೆಜ್ಜೆ.