ಕಣ್ಣಲ್ಲೇ ತೂಗುವವರು

ಕೂಸನ್ನು ಎತ್ತಿಕೊಂಡು ಒಮ್ಮೆ ಬಸ್ ಹತ್ತಿ ನೋಡಿ. ಟಿಕೆಟ್ ಕೈಗೆ ಬರುವ ಮುಂಚೆಯೇ ಪಕ್ಕದ ಸೀಟಿನಿಂದ ತೀರ್ಪು ಬಂದಿರುತ್ತದೆ: "ಎಷ್ಟು ತಿಂಗಳು? ಆರಾ? ಅಯ್ಯೋ, ಮೂರು ತಿಂಗಳಿಂದು ಅಂದ್ಕೊಂಡೆ. ಹಾಲು ಸಾಲ್ತಿಲ್ವೇನಮ್ಮಾ?" ಮದುವೆ ಮನೆಯಾದರಂತೂ ನ್ಯಾಯಪೀಠದಲ್ಲಿ ಐದಾರು ಜನ. ಒಬ್ಬರು ತೊಡೆ ಹಿಡಿದು ನೋಡುತ್ತಾರೆ, ಇನ್ನೊಬ್ಬರು ಕೆನ್ನೆ ಹಿಂಡುತ್ತಾರೆ, ಮತ್ತೊಬ್ಬರು ಮೊಬೈಲಿನಲ್ಲಿ ತಮ್ಮ ಮೊಮ್ಮಗನ ಫೋಟೊ ತೆಗೆದು, "ಇವನಿಗೂ ಆರೇ ತಿಂಗಳು, ಹೆಂಗಿದಾನೆ ನೋಡು ಗುಂಡಣ್ಣ!" ಎನ್ನುತ್ತಾರೆ. ತಾಯಿ ಹಲ್ಲು ಕಚ್ಚಿಕೊಂಡು ನಗುತ್ತಾಳೆ. ರಾತ್ರಿ ಮಗು ಮಲಗಿದ ಮೇಲೆ ಹಾಲುಪುಡಿ ಡಬ್ಬಿಗೆ ಎಷ್ಟು ರೇಟು ಎಂದು ಹುಡುಕುತ್ತಾಳೆ.

ಕೆನ್ನೆ ಹಿಂಡಿದ್ದನ್ನಾದರೂ ಮರೆಯಬಹುದು. ಈ ಡಬ್ಬಿ ಹುಡುಕಾಟಕ್ಕೆ ಕಾರಣವಾಗುವ ನಂಬಿಕೆ ಇದೆಯಲ್ಲ, ದುಂಡಗಿರುವ ಮಗು ಗಟ್ಟಿಮುಟ್ಟು, ಸಪೂರ ಮಗು ಅರೆಹೊಟ್ಟೆ ಎಂಬುದು, ಅದನ್ನು ಸಹಿಸಿಕೊಳ್ಳುವುದು ನನಗಂತೂ ಆಗುವುದಿಲ್ಲ.

ಬಸ್ಸಿನ ಆ ಹೆಂಗಸಿನ ಅಂದಾಜನ್ನೇ ತೆಗೆದುಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಆರು ತಿಂಗಳ ಹೆಣ್ಣುಮಗು 5.7 ಕೆ.ಜಿ.ಯಿಂದ 9.3 ಕೆ.ಜಿ.ವರೆಗೆ ಎಷ್ಟೇ ತೂಗಿದರೂ ಸಹಜ ಮಿತಿಯೊಳಗೇ ಇದೆ. ಗಂಡುಮಗುವಾದರೆ 6.4ರಿಂದ 9.8. ಇನ್ನು ಮೂರು ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ 5.8 ಕೆ.ಜಿ. ಅಂದರೆ ಆಕೆ "ಮೂರು ತಿಂಗಳಿಂದು ಅಂದ್ಕೊಂಡೆ" ಎಂದದ್ದು ಸುಳ್ಳೇನೂ ಅಲ್ಲ. ಆರು ತಿಂಗಳ ಆರೋಗ್ಯವಂತ ಮಗುವೊಂದು ಮೂರು ತಿಂಗಳ ಇನ್ನೊಂದು ಆರೋಗ್ಯವಂತ ಮಗುವಿನಷ್ಟೇ ತೂಗಬಹುದು. ಕಂಡದ್ದು ಸರಿ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು.

ಆಕೆಗೆ ಕಾಣದೇ ಹೋದದ್ದು ಮಗು ಎಲ್ಲಿಂದ ಹೊರಟಿತು ಎಂಬುದು. ಎರಡೂವರೆ ಕೆ.ಜಿ.ಗೆ ಹುಟ್ಟಿ ಆರು ತಿಂಗಳಿಗೆ 5.8 ಆದ ಹೆಣ್ಣುಮಗು ಹುಟ್ಟಿದ ತೂಕದ ಎರಡರಷ್ಟನ್ನು ದಾಟಿದೆ, ಚೆನ್ನಾಗಿ ಬೆಳೆಯುತ್ತಿದೆ. 3.8 ಕೆ.ಜಿ.ಗೆ ಹುಟ್ಟಿ ಈಗ 5.8 ಇರುವ ಮಗುವನ್ನು ನಾಳೆಯೇ ವೈದ್ಯರಿಗೆ ತೋರಿಸಬೇಕು. ಪಕ್ಕಪಕ್ಕ ಮಲಗಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೆಳವಣಿಗೆ ಎಂದರೆ ತಿಂಗಳಿಂದ ತಿಂಗಳಿಗೆ ಆದ ಬದಲಾವಣೆ. ಒಂದು ನೋಟಕ್ಕೆ ಸಿಗುವ ಗಾತ್ರ ಅದಲ್ಲ. ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳ ಮೇಲೆ ಅಂಗನವಾಡಿ ಟೀಚರ್ ತಿಂಗಳಿಗೊಂದು ಚುಕ್ಕಿ ಇಡುವುದು ಇದಕ್ಕೇ. ಚುಕ್ಕಿಗಳನ್ನು ಸೇರಿಸಿದ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ಬೆಳೆಯುತ್ತಿದೆ. ಮಟ್ಟಸವಾದರೆ ಅಥವಾ ಕೆಳಗೆ ಬಾಗಿದರೆ ಕಾರಣ ಹುಡುಕಬೇಕು. ಮೂತ್ರ ಕಡಿಮೆಯಾಗಿ ಮಗು ಮಂಕಾಗಿದ್ದರಂತೂ ಕಾಯಲೇಬಾರದು. ಇಷ್ಟನ್ನು ತಿಳಿಯಲು ತಕ್ಕಡಿ ಬೇಕು, ಹಿಂದಿನ ತಿಂಗಳ ಲೆಕ್ಕ ಬೇಕು. ತೊಡೆ ಹಿಡಿದು ನೋಡಿದರೆ ತಿಳಿಯುವುದಿಲ್ಲ.

ಹಾಗಂತ ಮೋಸ ಹೋದವರು ಬಸ್ಸಿನವರಷ್ಟೇ ಅಲ್ಲ. 2006ಕ್ಕಿಂತ ಮುಂಚೆ ಜಗತ್ತಿನ ಬಹುಪಾಲು ಕಡೆ ಬಳಕೆಯಲ್ಲಿದ್ದ ಪಟ್ಟಿ ಅಮೆರಿಕದ್ದು. ಹಸುಗೂಸುಗಳ ಅಳತೆಗಳೆಲ್ಲ ಓಹಿಯೋ ರಾಜ್ಯದ ಒಂದು ಪ್ರದೇಶದವು, ಅವುಗಳಲ್ಲಿ ಬಹಳಷ್ಟು ಬಾಟಲಿ ಹಾಲು ಕುಡಿದು ಬೆಳೆದ ಕೂಸುಗಳು. ಎದೆಹಾಲು ಕುಡಿಯುವ ಮಗು ಮೊದಲ ಕೆಲವು ತಿಂಗಳು ಸರಸರ ಬೆಳೆದು, ಆಮೇಲೆ ಬಾಟಲಿ ಮಗುವಿಗಿಂತ ನಿಧಾನವಾಗುತ್ತದೆ. ಅದು ಅದರ ಸಹಜ ನಡಿಗೆ. ಆದರೆ ಆ ಪಟ್ಟಿಯಲ್ಲಿ ಅದು ಹಿಂದೆ ಬಿದ್ದಂತೆ ಕಾಣುತ್ತಿತ್ತು, "ಮೇಲುಹಾಲು ಶುರು ಮಾಡಿ" ಎಂಬ ಸಲಹೆ ಬರುತ್ತಿತ್ತು. ಇದನ್ನು ಸರಿಪಡಿಸಲು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ದಕ್ಷಿಣ ದೆಹಲಿ, ಆಕ್ರಾ, ಮಸ್ಕತ್, ಓಸ್ಲೋ, ಬ್ರೆಜಿಲಿನ ಪೆಲೋಟಾಸ್ ಮತ್ತು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿತು. ಎದೆಹಾಲು, ಒಳ್ಳೆಯ ಆರೈಕೆ ಸಿಕ್ಕ ಮಕ್ಕಳ ಉದ್ದದಲ್ಲಿ ದೆಹಲಿಗೂ ಓಸ್ಲೋಗೂ ಇದ್ದ ವ್ಯತ್ಯಾಸ ಅತ್ಯಲ್ಪ. ಒಂದೇ ಊರಿನ ಒಂದು ಮಗುವಿಗೂ ಇನ್ನೊಂದು ಮಗುವಿಗೂ ಇದ್ದ ವ್ಯತ್ಯಾಸವೇ ದೊಡ್ಡದು. ಇಂದು ತಾಯಿ ಕಾರ್ಡಿನಲ್ಲಿರುವುದು ಈ ಹೊಸ ಪಟ್ಟಿ. ಬಸ್ಸಿನಲ್ಲಿ ಮಾತ್ರ ಇನ್ನೂ ಓಹಿಯೋ ಪಟ್ಟಿಯೇ ಓಡುತ್ತಿದೆ.

"ಹಾಲು ಸಾಲ್ತಿಲ್ಲ" ಎಂಬ ಮಾತಿನ ಅಪಾಯ ಏನೆಂದರೆ ಅದು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಮಾತಿಗೆ ಹೆದರಿದ ತಾಯಿ ಸಂಜೆಗೊಂದು ಬಾಟಲಿ ಕೊಡುತ್ತಾಳೆ. ಬಾಟಲಿ ಕುಡಿದ ಮಗು ಎದೆಗೆ ಬರುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ, ಎರಡನೆಯ ಬಾಟಲಿ ಬೇಕಾಗುತ್ತದೆ. ತಿಂಗಳು ಕಳೆಯುವುದರೊಳಗೆ ಹಾಲು ನಿಜಕ್ಕೂ ಸಾಲುವುದಿಲ್ಲ. "ನಾನು ಅವತ್ತೇ ಹೇಳಿರ್ಲಿಲ್ವಾ?" ಎನ್ನಲು ಜನ ಸಿದ್ಧವಾಗಿರುತ್ತಾರೆ. ಮೂರನೇ ತಿಂಗಳಿಗೇ ರಾಗಿ ಸರಿ ತಿನ್ನಿಸಿ "ಮೈ ಹಿಡಿಸುವ" ಉಪಾಯವೂ ಇದೇ ದಾರಿಯದು. ಸರಿ ಒಳ್ಳೆಯದೇ, ಆರು ತಿಂಗಳು ತುಂಬಿದ ಮೇಲೆ.

ದುಂಡು ಮಗುವಿನ ಮೋಹ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಬರ, ಪ್ಲೇಗು, ಭೇದಿ ಕಂಡ ಊರುಗಳಲ್ಲಿ ಮೈಯಲ್ಲಿ ನಾಲ್ಕು ಮಡಿಕೆ ಇದ್ದ ಕೂಸು ಕಾಯಿಲೆ ಬಂದರೂ ತಡೆದುಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ ಅರ್ಥವಿತ್ತು. ಆಮೇಲೆ ಕ್ಯಾಲೆಂಡರುಗಳು ಬಂದವು, ಮರ್ಫಿ ರೇಡಿಯೋದ ಪಾಪು ಬಂತು, ಹಾಲುಪುಡಿ ಡಬ್ಬಿಗಳ ಮೇಲಿನ ಗುಂಡುಮುಖಗಳು ಬಂದವು. ಆ ಡಬ್ಬಿಗಳ ಮೇಲೆ ಮಗುವಿನ ಚಿತ್ರ ಹಾಕಕೂಡದು ಎಂದು 1992ರಲ್ಲೇ ಕಾಯ್ದೆಯಾಗಿದೆ. ಅಷ್ಟರೊಳಗೆ ಚಿತ್ರ ತಲೆಯೊಳಗೆ ಇಳಿದಾಗಿತ್ತು.

ಮೈ ತುಂಬಿಕೊಂಡಂತೆ ಕಾಣುವುದೆಲ್ಲ ಆರೋಗ್ಯವೂ ಅಲ್ಲ. 1930ರ ದಶಕದಲ್ಲಿ ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯನ್ನು ವೈದ್ಯಲೋಕಕ್ಕೆ ವಿವರಿಸಿದರು. ಅದರಲ್ಲಿ ಮಗುವಿನ ಕಾಲು, ಮುಖ ನೀರು ತುಂಬಿ ಊದಿಕೊಳ್ಳುತ್ತವೆ. ತಿಳಿಯದವರ ಕಣ್ಣಿಗೆ ಮೈ ಬಂದ ಹಾಗೆ. ಇತ್ತ ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟುಕೊಂಡಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಅದೇ ಮಕ್ಕಳು ನಡುವಯಸ್ಸಿಗೆ ಬಂದಾಗ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಇದನ್ನು ಓದಿ ಗುಂಡು ಮಗುವಿನ ತಾಯಿಯರು ಗಾಬರಿಯಾಗಬೇಕಿಲ್ಲ. ಗುಂಪುಗಳ ಲೆಕ್ಕ ಒಂದು ಮಗುವಿನ ಜಾತಕ ಅಲ್ಲ. ಗುಂಡಗಿದ್ದರೆ ಗೆದ್ದ ಹಾಗೆ ಎಂಬ ಮಾತಿಗೆ ಮೈಸೂರಿನ ದಾಖಲೆಯೇ ಸಾಕ್ಷಿ ಹೇಳುವುದಿಲ್ಲ ಎಂದಷ್ಟೇ.

ಇನ್ನೂ ಒಂದು ವಿಚಾರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅಪೌಷ್ಟಿಕತೆ ಕಟ್ಟುಕಥೆಯಲ್ಲ, ಮೂರರಲ್ಲಿ ಒಂದು ಮಗುವಿನ ಸಮಸ್ಯೆ. ಆದರೆ ಈ ಕುಂಠಿತ ಬೆಳವಣಿಗೆ ನಮ್ಮ ಕಣ್ಣಂದಾಜಿನ ಪಂಡಿತರಿಗೆ ಕಾಣುವುದೇ ಇಲ್ಲ. ಮೂರು ವರ್ಷದ ಮಗು ಎರಡು ವರ್ಷದ್ದರ ಹಾಗೆ ಕಂಡರೆ, ಕೆನ್ನೆ ಸ್ವಲ್ಪ ತುಂಬಿದ್ದರೆ, "ಮುದ್ದಾಗಿದೆ" ಎಂದು ಮುಂದೆ ಹೋಗುತ್ತಾರೆ. ಅದೇ ಕಣ್ಣು ಹೊಟ್ಟೆತುಂಬ ಕುಡಿದು ಮಲಗಿರುವ ಸಪೂರ ಕೂಸಿನ ಮೇಲೆ ಬಿದ್ದು ಮರುಗುತ್ತದೆ.

ಮಿಕ್ಕ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ತಾಳ್ಮೆ ನನಗಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿಯುವುದು ದೃಷ್ಟಿಯಿಂದಲ್ಲ, ಬಹುತೇಕ ಎಲ್ಲ ಮಕ್ಕಳದ್ದೂ ಸ್ವಲ್ಪ ಇಳಿದು ಎರಡು ವಾರದೊಳಗೆ ಸಾಮಾನ್ಯವಾಗಿ ಮರಳುತ್ತದೆ. ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಿದರೆ ಮೈ ಬರುವುದಿಲ್ಲ. ಜೇನು ವರ್ಷದೊಳಗಿನ ಮಗುವಿಗೆ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ತರಬಲ್ಲದು. ಎಣ್ಣೆ ತೀಡುವುದರಿಂದ ಮಗುವಿಗೆ ಹಾಯೆನಿಸಬಹುದು, ಮೂಳೆ ಉದ್ದವಾಗುವುದಿಲ್ಲ. ದೊಡ್ಡ ಮಗು ಕಂಡ ಕೂಡಲೇ "ಸಿಸೇರಿಯನ್ನಾ? ಶುಗರ್ ಇತ್ತಾ?" ಎಂದು ಕೇಳುವುದಕ್ಕೆ ಯಾವ ವೈದ್ಯಶಾಸ್ತ್ರದ ಹೆಸರೂ ಬೇಡ, ಅದು ಬರೀ ಅಧಿಕಪ್ರಸಂಗ.

ಅಳತೆಯ ಮೇಲೆ ನಮಗೆ ನಂಬಿಕೆ ಇಲ್ಲವೆಂದೇನಲ್ಲ. ಚಿನ್ನದಂಗಡಿಯಲ್ಲಿ ಮಿಲಿಗ್ರಾಂ ಲೆಕ್ಕಕ್ಕೆ ಜಗಳವಾಡುತ್ತೇವೆ, ಫ್ಯಾನಿನ ಗಾಳಿಗೆ ತಕ್ಕಡಿ ಅಲ್ಲಾಡಿತೆಂದು ಫ್ಯಾನ್ ಆರಿಸುತ್ತೇವೆ. ಮಗುವಿನ ವಿಷಯ ಬಂದಾಗ ತಕ್ಕಡಿ ಬೇಡ, ಪರಿಚಯವೇ ಇಲ್ಲದವರ ಕಣ್ಣು ಸಾಕು. ಆ ಮಾತಿಗೆ ಮನೆಮಂದಿ ತಲೆದೂಗುತ್ತಾರೆ, ಮಾರನೇ ದಿನ ವಾಟ್ಸ್ಆ್ಯಪಿನಲ್ಲಿ ತೂಕ ಹೆಚ್ಚಿಸುವ ಪುಡಿಯ ವಿಡಿಯೊ ಬರುತ್ತದೆ, ಅದಕ್ಕೂ ತಲೆದೂಗುತ್ತಾರೆ. ಹೇಳಿದ್ದು ಯಾರು, ಅವರಿಗೆ ಹೇಗೆ ಗೊತ್ತು ಎಂಬ ಎರಡು ಪ್ರಶ್ನೆ ಕೇಳಿದರೆ ಅಹಂಕಾರಿ ಎನ್ನಿಸಿಕೊಳ್ಳಬೇಕು.

ಬಸ್ಸಿನಲ್ಲಿ ಏನು ಹೇಳಬೇಕು? ಮೇಲಿನ ಅಂಕಿಅಂಶ ಯಾವುದನ್ನೂ ಹೇಳಬೇಡಿ. ತೂಕ ಎಷ್ಟು ಎಂದು ಒಮ್ಮೆ ಬಾಯಿಬಿಟ್ಟರೆ ಚೌಕಾಸಿ ಶುರು. "ತೂಕ ಹಾಕ್ಸಿದೀವಿ, ಸರಿ ಇದೆ ಅಂದ್ರು" ಎಂಬಲ್ಲಿಗೆ ಸಾಕು, "ನಮ್ಮನೇಲಿ ಎಲ್ಲಾ ಹೀಗೇ" ಎಂದರೂ ನಡೆಯುತ್ತದೆ. ವಯಸ್ಸಾದವರು ಮಾತಾಡಬೇಕೆಂಬ ಆಸೆಗೆ ಕೇಳಿರುತ್ತಾರೆ, "ನಿಮಗೆಷ್ಟು ಜನ ಮೊಮ್ಮಕ್ಕಳು ಅಜ್ಜಿ?" ಎಂದರೆ ನಿಲ್ದಾಣ ಬರುವವರೆಗೂ ಅವರದ್ದೇ ಮಾತು, ನಿಮ್ಮ ಕೂಸಿನ ಗೊಡವೆಗೆ ಬರುವುದಿಲ್ಲ. ತೊಡೆ ಹಿಂಡಲು ಕೈ ಚಾಚುವವರಿಗೆ ಮಾತ್ರ "ಮುಟ್ಟಬೇಡಿ, ಈಗಷ್ಟೇ ಮಲಗಿದೆ" ಎಂದು ನೇರವಾಗಿ ಹೇಳಿ, ಮಗು ಕಣ್ಣು ಬಿಟ್ಟುಕೊಂಡಿದ್ದರೂ ಪರವಾಗಿಲ್ಲ. ಜೊತೆಗೆ ಮಗುವಿನ ಅಪ್ಪ ಇದ್ದರೆ ಉತ್ತರ ಅವನೇ ಕೊಡಲಿ. ಅವನಿಗೆ ಹಾಲು ಸಾಲುತ್ತಿಲ್ಲವೇ ಎಂದು ಕೇಳಲು ಬರುವುದಿಲ್ಲವಲ್ಲ.

ಕಷ್ಟವಿರುವುದು ಮನೆಯೊಳಗಿನವರ ಹತ್ತಿರ. ಅತ್ತೆಗೋ ಅಮ್ಮನಿಗೋ ಲೇಖನ ಓದಿ ಹೇಳುವುದರಿಂದ ಪ್ರಯೋಜನವಿಲ್ಲ. ತೂಕ ಹಾಕುವ ದಿನ ಅಂಗನವಾಡಿಗೆ ಅವರ ಕೈಯಲ್ಲೇ ಮಗುವನ್ನು ಕೊಟ್ಟು ಕರೆದುಕೊಂಡು ಹೋಗಿ. ಟೀಚರ್ ಚುಕ್ಕಿ ಇಡುವಾಗ ಪಕ್ಕದಲ್ಲಿ ನಿಂತು ನೋಡಲಿ, ಹೋದ ತಿಂಗಳಿಗಿಂತ ಎಷ್ಟು ಏರಿದೆ ಎಂದು ಅವರೇ ಕೇಳಲಿ. ಆಮೇಲೆ ಮದುವೆ ಮನೆಯಲ್ಲಿ ಯಾರಾದರೂ "ಮಗು ಸೊರಗಿದೆಯಲ್ಲಾ" ಎಂದರೆ ನೀವು ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಊಟದ ಎರಡು ಪಂಕ್ತಿಗೂ ಕೇಳಿಸುವ ಹಾಗೆ ಅವರೇ ಉತ್ತರ ಕೊಡುತ್ತಾರೆ.