ಕೊರಿಯಾದಲ್ಲಿ ವೇತನ ಸಹಿತ ವಾರ್ಷಿಕ ರಜೆ: ಉದ್ಯಮಿಗಳು ತಿಳಿದಿರಬೇಕಾದ ಲೆಕ್ಕ

ದಕ್ಷಿಣ ಕೊರಿಯಾದಲ್ಲಿ ಕಚೇರಿ ತೆರೆಯುವ ಅಥವಾ ಅಲ್ಲಿನ ಸಂಸ್ಥೆಗಳೊಡನೆ ಪಾಲುದಾರಿಕೆಗೆ ಇಳಿಯುವ ಉದ್ಯಮಿಗಳು ಬಾಡಿಗೆ, ತೆರಿಗೆ, ವಿಮೆಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುತ್ತಾರೆ. ನೌಕರರ ರಜೆಯ ಲೆಕ್ಕ ಮಾತ್ರ ಸಾಮಾನ್ಯವಾಗಿ ಕಡೆಗೆ ಉಳಿಯುತ್ತದೆ. ರಜೆಯು ಹಾಜರಿ ಪುಸ್ತಕಕ್ಕೆ ಸೇರಿದ್ದು, ಲೆಕ್ಕಪುಸ್ತಕಕ್ಕಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೊರಿಯಾದ ಕಾನೂನಿನ ಅಡಿಯಲ್ಲಿ ಈ ಭಾವನೆ ದುಬಾರಿಯಾಗಬಲ್ಲದು. ಅಲ್ಲಿ ನೌಕರರು ಬಳಸದೆ ಉಳಿದ ರಜೆಯು ಹಣ ಪಾವತಿಯ ಹೊಣೆಯಾಗಿ ಮಾರ್ಪಡುತ್ತದೆ. ಮಾಲೀಕರು ನಿಗದಿತ ದಿನಾಂಕಗಳೊಳಗೆ ಲಿಖಿತ ಕ್ರಮ ಕೈಗೊಂಡಿದ್ದಲ್ಲಿ ಮಾತ್ರ ಆ ಹೊಣೆಯಿಂದ ಬಿಡುಗಡೆ ದೊರೆಯುತ್ತದೆ.

ಯಾರಿಗೆ ಅನ್ವಯ?

ಈ ವಿಷಯವನ್ನು ನಿಯಂತ್ರಿಸುವುದು 1953ರಲ್ಲಿ ಮೊದಲು ಜಾರಿಗೆ ಬಂದ ಕಾರ್ಮಿಕ ಮಾನದಂಡ ಕಾಯಿದೆ. ಅದರ 60, 61 ಮತ್ತು 62ನೆಯ ಕಲಮುಗಳು ವಾರ್ಷಿಕ ರಜೆಗೆ ಸಂಬಂಧಿಸಿವೆ. ಕಾಯಂ ಆಗಿ 5 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಇವು ಅನ್ವಯಿಸುತ್ತವೆ. ವಾರಕ್ಕೆ ಸರಾಸರಿ 15 ಗಂಟೆಗಿಂತ ಕಡಿಮೆ ಕೆಲಸ ಮಾಡುವವರಿಗೆ ಈ ಹಕ್ಕು ಇಲ್ಲ. ರಾಷ್ಟ್ರೀಯತೆಯ ಆಧಾರದ ಮೇಲೆ ಭೇದ ಮಾಡುವುದನ್ನು ಕಾಯಿದೆ ನಿಷೇಧಿಸಿದೆ. ಆದುದರಿಂದ ಇಲ್ಲಿಂದ ಹೋಗಿ ಅಲ್ಲಿನ ಸಂಸ್ಥೆಯಲ್ಲಿ ನೌಕರಿ ಮಾಡುವ ಕನ್ನಡಿಗ ಎಂಜಿನಿಯರಿಗೂ ಸ್ಥಳೀಯ ನೌಕರನಿಗೂ ಹಕ್ಕು ಒಂದೇ.

ಎಷ್ಟು ದಿನಗಳು?

1. ಒಂದು ವರ್ಷದಲ್ಲಿ ಶೇಕಡ 80ರಷ್ಟು ಅಥವಾ ಹೆಚ್ಚು ಹಾಜರಾತಿ ಇರುವ ನೌಕರರಿಗೆ 15 ದಿನಗಳ ವೇತನ ಸಹಿತ ರಜೆ ನೀಡತಕ್ಕದ್ದು.

2. ಸೇವೆ ಒಂದು ವರ್ಷ ತುಂಬದವರಿಗೆ ಹಾಗೂ ಹಾಜರಾತಿ ಶೇಕಡ 80ಕ್ಕಿಂತ ಕಡಿಮೆ ಇರುವವರಿಗೆ, ಪೂರ್ಣ ಹಾಜರಾತಿಯ ಪ್ರತಿ ತಿಂಗಳಿಗೆ ಒಂದು ದಿನ. ಹೀಗೆ ಮೊದಲ ವರ್ಷದಲ್ಲಿ ಗರಿಷ್ಠ 11 ದಿನಗಳು ಲಭಿಸುತ್ತವೆ.

3. ಮೂರು ವರ್ಷ ಅಥವಾ ಹೆಚ್ಚಿನ ಸೇವೆಗೆ, ಮೊದಲ ವರ್ಷವನ್ನು ಬಿಟ್ಟು ಪ್ರತಿ ಎರಡು ವರ್ಷಕ್ಕೆ ಒಂದು ದಿನ ಹೆಚ್ಚುವರಿ. 3 ವರ್ಷ ತುಂಬಿದಾಗ 16, 5 ವರ್ಷಕ್ಕೆ 17, ಹೀಗೆ ಏರುತ್ತಾ 21 ವರ್ಷಕ್ಕೆ 25 ದಿನಗಳಾಗುತ್ತವೆ. ಇದೇ ಗರಿಷ್ಠ ಮಿತಿ.

ಕೆಲಸದ ವೇಳೆಯ ಗಾಯದಿಂದಾದ ಗೈರುಹಾಜರಿ, ಹೆರಿಗೆ ರಜೆ ಮತ್ತು ಶಿಶುಪಾಲನಾ ರಜೆಗಳನ್ನು ಹಾಜರಾತಿ ಎಂದೇ ಎಣಿಸತಕ್ಕದ್ದು.

ನಮ್ಮ 1948ರ ಕಾರ್ಖಾನೆ ಕಾಯಿದೆಯಲ್ಲಿ, ವರ್ಷಕ್ಕೆ 240 ದಿನ ದುಡಿದ ವಯಸ್ಕ ಕಾರ್ಮಿಕರಿಗೆ ಪ್ರತಿ 20 ದಿನಕ್ಕೆ ಒಂದರಂತೆ ರಜೆ ಎಣಿಸಿ, ಉಳಿದುದನ್ನು 30 ದಿನಗಳವರೆಗೆ ಮುಂದಿನ ವರ್ಷಕ್ಕೆ ಒಯ್ಯುವ ಪದ್ಧತಿ ಇತ್ತು. ಅದಕ್ಕೆ ಒಗ್ಗಿದವರು ಎರಡು ಅಂತರಗಳನ್ನು ಗಮನಿಸಬೇಕು. ಕೊರಿಯಾದಲ್ಲಿ ಶೇಕಡ 80ರ ಗಡಿ ದಾಟಿದೊಡನೆ 15 ದಿನಗಳೂ ಒಟ್ಟಿಗೆ ದೊರೆಯುತ್ತವೆ. ಬಳಸದ ರಜೆ ಒಂದು ವರ್ಷದ ನಂತರ ವ್ಯಪಗತವಾಗುತ್ತದೆ, ಆದರೆ ಅದರ ಬದಲು ಹಣ ಪಡೆಯುವ ಹಕ್ಕು ಉಳಿಯುತ್ತದೆ.

365ನೆಯ ದಿನವೂ 366ನೆಯ ದಿನವೂ

ಮೊದಲ ವರ್ಷದಲ್ಲಿ ಬಳಸಿದ ರಜೆಯನ್ನು ಎರಡನೆಯ ವರ್ಷದ 15 ದಿನಗಳಿಂದ ಕಳೆಯುವ ನಿಯಮ ಹಿಂದೆ ಇತ್ತು. 2018ರ ಮೇ 29ರಿಂದ ಅದು ರದ್ದಾಯಿತು. ಆಗ ಒಂದು ಗೊಂದಲ ಹುಟ್ಟಿತು. ಸರಿಯಾಗಿ ಒಂದು ವರ್ಷದ ಗುತ್ತಿಗೆ ಮುಗಿಸಿ ಹೊರಡುವ ನೌಕರರಿಗೆ 11 ದಿನಗಳೋ, 11 ಮತ್ತು 15 ಸೇರಿ 26 ದಿನಗಳೋ? ಕಾರ್ಮಿಕ ಸಚಿವಾಲಯವು 26 ಎಂದು ಮಾರ್ಗದರ್ಶನ ನೀಡಿತ್ತು. ವೃದ್ಧರ ಆರೈಕೆ ಕೇಂದ್ರವೊಂದರ ಆರೈಕೆ ಸಿಬ್ಬಂದಿಗೆ ಸಂಬಂಧಿಸಿದ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 14ರಂದು ಗರಿಷ್ಠ 11 ದಿನಗಳೇ ಎಂದು ತೀರ್ಮಾನಿಸಿತು. 15 ದಿನಗಳ ಹಕ್ಕು ವರ್ಷ ತುಂಬಿದ ಮರುದಿನ ಹುಟ್ಟುತ್ತದೆ. ಆ ದಿನ ನೌಕರಿ ಜಾರಿಯಲ್ಲಿರಬೇಕು ಎಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರಿನಲ್ಲಿ ಸಚಿವಾಲಯವೂ ತನ್ನ ವ್ಯಾಖ್ಯಾನವನ್ನು ಬದಲಿಸಿತು.

ಹಣದ ರೂಪದಲ್ಲಿ ಈ ಒಂದು ದಿನದ ಬೆಲೆ ನೋಡೋಣ. ತಿಂಗಳ ಸಾಮಾನ್ಯ ವೇತನ 25,08,000 ವಾನ್ ಎಂದಿರಲಿ. ವಾರಕ್ಕೆ 40 ಗಂಟೆ ದುಡಿಯುವವರಿಗೆ, ವೇತನ ಸಹಿತ ವಾರದ ರಜೆಯೂ ಸೇರಿ, ತಿಂಗಳಿಗೆ 209 ಗಂಟೆಗಳೆಂದು ಎಣಿಸುವುದು ರೂಢಿ. ಅಂದರೆ ಗಂಟೆಗೆ 12,000, ಎಂಟು ಗಂಟೆಯ ದಿನಕ್ಕೆ 96,000 ವಾನ್. 11 ದಿನಗಳಿಗೆ 10,56,000 ವಾನ್. 26 ದಿನಗಳಿಗೆ 24,96,000 ವಾನ್, ಹೆಚ್ಚುಕಡಿಮೆ ಒಂದು ತಿಂಗಳ ಪೂರ್ಣ ಸಂಬಳ. ಗುತ್ತಿಗೆಯ ಕೊನೆಯ ದಿನಾಂಕವನ್ನು ಬರೆಯುವಾಗ ಇದನ್ನು ಎರಡೂ ಪಕ್ಷದವರು ಅರಿತಿರುವುದು ಒಳಿತು.

2024ರ ಡಿಸೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯದ ಪೂರ್ಣಪೀಠವು ಸಾಮಾನ್ಯ ವೇತನದ ವ್ಯಾಪ್ತಿಯನ್ನು ಹಿಗ್ಗಿಸಿತು. ಪಾವತಿಯ ದಿನ ನೌಕರಿಯಲ್ಲಿ ಇರುವವರಿಗೆ ಮಾತ್ರ ಎಂಬ ಷರತ್ತಿನ ನಿಯತ ಬೋನಸ್ಸು ಕೂಡ ಈಗ ಲೆಕ್ಕಕ್ಕೆ ಸೇರುತ್ತದೆ. ಅಂತಹ ಬೋನಸ್ಸು ನೀಡುವ ಸಂಸ್ಥೆಗಳಲ್ಲಿ ಉಳಿದ ರಜೆಯ ದಿನದರವೂ ಏರಿದೆ.

ಹೊಣೆಯಿಂದ ಬಿಡುಗಡೆಯ ಕ್ರಮ

ರಜೆಯ ಸಮಯವನ್ನು ಆರಿಸುವ ಹಕ್ಕು ನೌಕರರದು. ವ್ಯವಹಾರಕ್ಕೆ ಗಂಭೀರ ಅಡ್ಡಿಯಾಗುವಂತಿದ್ದರೆ ಮಾತ್ರ ಮಾಲೀಕರು ದಿನವನ್ನು ಬದಲಿಸಬಹುದು. ಆದರೆ 61ನೆಯ ಕಲಮಿನಲ್ಲಿ ರಜೆ ಬಳಕೆಗೆ ಪ್ರೇರೇಪಿಸುವ ಕ್ರಮವಿದೆ. ರಜೆಯ ಅವಧಿ ಡಿಸೆಂಬರ್ 31ಕ್ಕೆ ಮುಗಿಯುವುದಾದರೆ ಅದರ ವೇಳಾಪಟ್ಟಿ ಹೀಗಿದೆ:

ಜುಲೈ 1ರಿಂದ 10ರೊಳಗೆ ಪ್ರತಿಯೊಬ್ಬ ನೌಕರರಿಗೂ ಉಳಿದ ರಜೆಯ ದಿನಗಳನ್ನು ಲಿಖಿತವಾಗಿ ತಿಳಿಸಿ, ಬಳಸುವ ದಿನಾಂಕಗಳನ್ನು ಗೊತ್ತುಪಡಿಸುವಂತೆ ಕೋರಬೇಕು. ನೌಕರರು 10 ದಿನಗಳೊಳಗೆ ಉತ್ತರಿಸದಿದ್ದಲ್ಲಿ, ಅಕ್ಟೋಬರ್ 31ರೊಳಗೆ ಮಾಲೀಕರೇ ದಿನಾಂಕಗಳನ್ನು ನಿಗದಿಪಡಿಸಿ ಲಿಖಿತವಾಗಿ ತಿಳಿಸಬೇಕು. ಇಷ್ಟಾದ ಮೇಲೂ ರಜೆ ಉಳಿದರೆ ಹಣ ನೀಡುವ ಹೊಣೆ ಇಲ್ಲ. ಸೇವೆ ಒಂದು ವರ್ಷ ತುಂಬದವರಿಗೆ 2020ರಲ್ಲಿ ಪ್ರತ್ಯೇಕ, ಇನ್ನೂ ಕಿರಿದಾದ ಗಡುವುಗಳನ್ನು ಸೇರಿಸಲಾಗಿದೆ.

ಸೂಚನಾ ಫಲಕದ ಮೇಲೆ ಎಲ್ಲರಿಗೂ ಸೇರಿ ಒಂದು ಪ್ರಕಟಣೆ ಅಂಟಿಸಿದರೆ ಸಾಲದು. ರಜೆಯೆಂದು ನಿಗದಿಯಾದ ದಿನ ನೌಕರರು ಕೆಲಸಕ್ಕೆ ಬಂದಾಗ, ಬೇಡವೆಂದು ಸ್ಪಷ್ಟವಾಗಿ ಹೇಳದೆ ಕೆಲಸ ಮಾಡಿಸಿಕೊಂಡರೆ ಹಣ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ.

ಹಬ್ಬದ ರಜೆಗಳ ವಿಚಾರದಲ್ಲೂ ಎಚ್ಚರ ಬೇಕು. ಚಾಂದ್ರಮಾನ ಹೊಸ ವರ್ಷ, ಚುಸಾಕ್ ಮುಂತಾದ ಸಾರ್ವಜನಿಕ ರಜಾದಿನಗಳನ್ನು ನೌಕರರ ಪ್ರತಿನಿಧಿಯೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ವಾರ್ಷಿಕ ರಜೆಯಲ್ಲಿ ಕಳೆಯುವ ಪರಿಪಾಠ ಹಿಂದೆ ಇತ್ತು. 2022ರ ಜನವರಿಯಿಂದ 5 ಮಂದಿಯ ಸಂಸ್ಥೆಗಳಲ್ಲಿಯೂ ಆ ದಿನಗಳು ಪ್ರತ್ಯೇಕ ವೇತನ ಸಹಿತ ರಜೆಗಳಾಗಿವೆ. ಅವನ್ನು ವಾರ್ಷಿಕ ರಜೆಯಲ್ಲಿ ಕಳೆಯುವಂತಿಲ್ಲ.

ಲೆಕ್ಕಪತ್ರದಲ್ಲಿ

ಹತ್ತು ಮಂದಿಯ ಕಚೇರಿಯಲ್ಲಿ ತಲಾ 8 ದಿನ ಉಳಿದರೆ, ಮೇಲಿನ ದರದಲ್ಲಿ 76,80,000 ವಾನ್ ಆಗುತ್ತದೆ. ಇದು ವರ್ಷಾಂತ್ಯದಲ್ಲಿ ದಿಢೀರನೆ ಬರುವ ವೆಚ್ಚವಲ್ಲ. ತಿಂಗಳು ತಿಂಗಳೂ ಕೂಡುತ್ತಾ ಬಂದ ಹೊಣೆ. ನಮ್ಮ ಲೆಕ್ಕಪತ್ರ ಮಾನದಂಡ 15ರ ಪ್ರಕಾರವೂ ಇಂತಹ ಹೊಣೆಗೆ ಅವಕಾಶ ಕಲ್ಪಿಸಬೇಕು. ನೌಕರರು ಬಿಟ್ಟುಹೋದಾಗ ಬಾಕಿಯನ್ನು 14 ದಿನಗಳೊಳಗೆ ಪಾವತಿಸತಕ್ಕದ್ದು. ವೇತನದ ಹಕ್ಕಿಗೆ ಕಾಲಮಿತಿ 3 ವರ್ಷ. 60ನೆಯ ಕಲಮಿನ ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಕೋಟಿ ವಾನ್‌ವರೆಗೆ ದಂಡವಿದೆ.

ಕಾಯಿದೆಯ ಉದ್ದೇಶ ದುಡಿಯುವವರಿಗೆ ವಿಶ್ರಾಂತಿ ದೊರಕಿಸುವುದೇ ಹೊರತು ಅವರ ಸಂಬಳಕ್ಕೆ ಮತ್ತಷ್ಟು ಹಣ ಸೇರಿಸುವುದಲ್ಲ. ಜುಲೈ ಆರಂಭದಲ್ಲಿಯೇ ಸೂಚನೆ ಕಳುಹಿಸಿ, ನೌಕರರು ನಿಜವಾಗಿ ರಜೆಯ ಮೇಲೆ ಹೋಗುವಂತೆ ನೋಡಿಕೊಳ್ಳುವ ಮಾಲೀಕರಿಗೆ ವರ್ಷಾಂತ್ಯದ ಬಾಕಿಯೂ ಇರದು, ವ್ಯಾಜ್ಯದ ಭಯವೂ ಇರದು. ಕೊರಿಯಾದಲ್ಲಿ ವ್ಯವಹಾರ ಹೂಡುವವರು ರಜೆಯ ವಹಿಯನ್ನು ನಗದು ಪುಸ್ತಕದಷ್ಟೇ ಜಾಗರೂಕತೆಯಿಂದ ಇಡುವುದು ಸೂಕ್ತ.