ಸಸಿಹಿತ್ಲುವಿನ ತೆರೆಗೆ ದಸರೆಯ ಹೊತ್ತು

ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಬೆಳಿಗ್ಗೆ ಆರೂವರೆಗೆ ಕಡಲಿಗೆ ಮುಖಮಾಡಿ ನಿಂತರೆ ಬೆನ್ನಿಗೆ ತಣ್ಣನೆಯ ಗಾಳಿ ತಾಗುತ್ತದೆ. ಇರುಳಲ್ಲಿ ತಂಪಾದ ನೆಲದಿಂದ ನೀರಿನ ಕಡೆಗೆ ಹೋಗುವ ಗಾಳಿ ಅದು. ಎದುರು ಬರುವ ತೆರೆಗೆ ಅದರ ತಡೆ ಸಿಕ್ಕಿದರೆ ತೆರೆ ಅವಸರದಲ್ಲಿ ಕುಸಿಯುವುದಿಲ್ಲ. ನುಣುಪಾಗಿ ಎದ್ದು, ಒಂದು ಬದಿಯಿಂದ ನಿಧಾನವಾಗಿ ಮಗುಚುತ್ತದೆ. ಸರ್ಫಿಂಗ್ ಮಾಡುವವರು ಕಾಯುವುದು ಈ ಹೊತ್ತಿಗೆ. ಬಿಸಿಲೇರಿ ಗಾಳಿ ಕಡಲಿನಿಂದ ಬೀಸತೊಡಗಿತೋ, ನೀರೆಲ್ಲ ಕಲಕಿಹೋಗುತ್ತದೆ.

ಶಾಂಭವಿ, ನಂದಿನಿ ನದಿಗಳು ಇಲ್ಲಿ ಕೂಡಿ ಒಂದೇ ಅಳಿವೆಯಿಂದ ಸಮುದ್ರ ಸೇರುತ್ತವೆ. ಅಳಿವೆಯ ಮರಳು ನೀರಿನಡಿ ದಿಬ್ಬವಾಗುತ್ತದೆ, ತೆರೆ ಒಡೆಯುವುದು ಆ ದಿಬ್ಬದ ಮೇಲೆ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಮತ್ತು ಸಂಗಡಿಗರು 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿಗೇ ಬಂತು.

ಆ ಸ್ಪರ್ಧೆ ನಡೆದದ್ದು ಮೇ ಕೊನೆಯಲ್ಲಿ. ಅಂಟಾರ್ಕ್ಟಿಕಾದ ಕಡೆಯ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಆ ಹೊತ್ತಿಗೆ ನಮ್ಮ ಕರಾವಳಿಗೆ ಬಂದು ಬಡಿಯುತ್ತವೆ. ಪಳಗಿದವರಿಗೆ ಅದು ಹಬ್ಬ. ಮೊದಲ ಸಲ ಹಲಗೆ ಮುಟ್ಟುವವರಿಗೆ ಅಲ್ಲ. ಬೆಂಗಳೂರಿನ ಜಯನಗರ, ಬಿ.ಟಿ.ಎಂ. ಬಡಾವಣೆಯ ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಕಡಲು ನೆನಪಾಗುವುದು ರೂಢಿ. ಕಲಿಯುವ ಆಸೆಯಿದ್ದರೆ ಆ ರೂಢಿ ಬಿಡಬೇಕು. ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೇ ಕಡಲು ನಿಷಿದ್ಧ; ಆಗ ನಾವು ಹಲಗೆ ಹಿಡಿದು ಇಳಿಯುವುದು ತರವಲ್ಲ.

ನನ್ನನ್ನು ಕೇಳಿದರೆ ದಸರೆ ರಜೆಯೇ ಸರಿ. ಮುಂಗಾರಿನ ಅಬ್ಬರ ಇಳಿದಿರುತ್ತದೆ, ತೆರೆಯಲ್ಲಿ ಕಸುವು ಮಾತ್ರ ಪೂರ್ತಿ ಹೋಗಿರುವುದಿಲ್ಲ, ಮುಂಜಾವಿನ ಗಾಳಿ ಮತ್ತೆ ನೆಲದಿಂದ ಬೀಸತೊಡಗಿರುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಡಿಸೆಂಬರ್, ಜನವರಿಯವರೆಗೂ ಕಾಯಬಹುದು. ಆಗಿನ ತೆರೆ ಇನ್ನೂ ಚಿಕ್ಕದು, ಸಾಧು. ಒಂದು ಮಾತು ಮರೆಯಬೇಡಿ: ಈಜುಕೊಳದ ಈಜು ಕಡಲಿಗೆ ಸಾಲದು. ಅಳಿವೆಯ ಬಾಯಲ್ಲಿ ಸೆಳೆತ ಜೋರು. ಕಡಲ್ಕೊರೆತ ಈ ದಂಡೆಯನ್ನು ತಿನ್ನುತ್ತ ಬಂದಿದೆ, ಮರಳಿನ ದಿಬ್ಬವೂ ಜಾಗ ಬದಲಿಸುತ್ತದೆ. ಹೋದ ವರ್ಷ ಇಳಿದ ಜಾಗ ಈ ವರ್ಷ ಅದೇ ಜಾಗವಲ್ಲ. ಇಳಿಯುವ ಮುನ್ನ ಅಲ್ಲಿನ ತರಬೇತುದಾರರನ್ನು ಕೇಳಲೇಬೇಕು.

ಬನಶಂಕರಿಯಿಂದ ನೈಸ್ ರಸ್ತೆ ಹಿಡಿದು, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದರೆ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಅಲ್ಲಿಂದ ಉಡುಪಿ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಹೋದರೆ ಮೂಲ್ಕಿ. ಶುಕ್ರವಾರ ರಾತ್ರಿ ಹೊರಟವರಿಗೆ ಎರಡು ಬೆಳಗು ಸಿಗುತ್ತವೆ. ಮೊದಲನೆಯದು ಹಲಗೆಯ ಮೇಲೆ ಮಂಡಿಯೂರುವುದಕ್ಕೆ, ಎರಡನೆಯದು ಎದ್ದು ನಿಲ್ಲುವುದಕ್ಕೆ.